ಪೊಲೀಸರಿಗೆ ಸಿಗದ ಕೊಲೆಗಾರ ಅಜ್ಜಿಗೆ ಹೇಗೆ ಸಿಗ್ತಾನೆ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ನಡೆಯುವ ಪತ್ತೇದಾರಿ ಕಾದಂಬರಿ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಅಜ್ಜಿ ಅಂದರೆ ಮಿಸ್ ಮಾರ್ಪಲ್. ಅಗಾಥಾ ಕ್ರಿಸ್ಟಿ 1927ರಲ್ಲಿ ಒಂದು ಸಣ್ಣಕತೆಗಾಗಿ ಸೃಷ್ಟಿಸಿದ ಪಾತ್ರ. ಊರು ಸೇಂಟ್ ಮೇರಿ ಮೀಡ್. ಮದುವೆಯಾಗಿಲ್ಲ, ನೌಕರಿ ಇಲ್ಲ, ಯಾರನ್ನೂ ಠಾಣೆಗೆ ಕರೆಸುವ ಅಧಿಕಾರವಂತೂ ಇಲ್ಲವೇ ಇಲ್ಲ.

ಪ್ರಶ್ನೆಯ ಬಗ್ಗೆ ನನಗೆ ಅಷ್ಟೇನೂ ಬೇಜಾರಿಲ್ಲ. ಕೇಳುವ ಧಾಟಿ ಇದೆಯಲ್ಲ, ಅದು ತಡೆಯುವುದಿಲ್ಲ. ಒಮ್ಮೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ದೊಡ್ಡಪ್ಪ ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದರು: "ಆ ಮುದುಕಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ? ಊರವರ ಮನೆ ವಿಷಯಕ್ಕೆ ಮೂಗು ತೂರಿಸೋದು ಪತ್ತೇದಾರಿಕೆನಾ?" ಅಕ್ಕಪಕ್ಕದವರು ನಕ್ಕರು. ಅಷ್ಟರಲ್ಲಿ ಪಾಯಸ ಬಂತು, ಮಾತು ಬೇರೆ ಕಡೆ ಹೋಯಿತು.

ಹೌದು ದೊಡ್ಡಪ್ಪ, ಅದೇ ಪತ್ತೇದಾರಿಕೆ.

ಮಾರ್ಪಲ್ ಬರುವ ಮೊದಲ ಕಾದಂಬರಿ, 1930ರ 'ದಿ ಮರ್ಡರ್ ಅಟ್ ದಿ ವಿಕರೇಜ್' ತೆಗೆದುಕೊಳ್ಳಿ. ಪಾದ್ರಿಯ ಮನೆಯ ಓದುವ ಕೋಣೆಯಲ್ಲಿ ಒಬ್ಬ ಕರ್ನಲ್‌ನ ಕೊಲೆಯಾಗಿದೆ. ಮೇಜಿನ ಮೇಲಿದ್ದ ಗಡಿಯಾರ ಉರುಳಿ ಬಿದ್ದು ನಿಂತಿದೆ. ಇನ್ಸ್‌ಪೆಕ್ಟರಿಗೆ ಖುಷಿಯೋ ಖುಷಿ, ಕೊಲೆಯ ಸಮಯ ಸಿಕ್ಕಿತಲ್ಲ ಅಂತ. ಆದರೆ ಆ ಗಡಿಯಾರವನ್ನು ಮನೆಯವರು ಯಾವಾಗಲೂ ಕಾಲು ಗಂಟೆ ಮುಂದೆ ಇಟ್ಟಿರುತ್ತಾರೆ. ಪಾದ್ರಿ ಅದನ್ನು ಹೇಳಲು ಬಾಯಿ ತೆರೆಯುತ್ತಾನೆ. ಇನ್ಸ್‌ಪೆಕ್ಟರ್ ಸುಮ್ಮನಿರಿ ಅನ್ನುತ್ತಾನೆ. ಪಾದ್ರಿ ಮತ್ತೆ ಶುರು ಮಾಡುತ್ತಾನೆ. ಮತ್ತೆ ಗದರಿಕೆ. ಪೊಲೀಸರಿಗೆ ಯಾಕೆ ಸಿಗಲಿಲ್ಲ ಅಂತ ಇನ್ನೂ ಕೇಳ್ತೀರಾ?

ಕೊಲೆಯಾದ ಹೊತ್ತಿಗೆ ಪಕ್ಕದ ಮನೆಯ ತೋಟದಲ್ಲಿ ಅಜ್ಜಿ ಗಿಡಗಳ ಮಧ್ಯೆ ಇದ್ದಳು. ತೋಟದ ಕೆಲಸ ಮಾಡುವ ಮುದುಕಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಕ್ಕಿ ನೋಡಲು ದುರ್ಬೀನು ಹಿಡಿದರೂ ಯಾರೂ ಏನೂ ಕೇಳುವುದಿಲ್ಲ. ಯಾರು ಯಾವ ದಾರಿಯಲ್ಲಿ ಬಂದರು, ಕೈಯಲ್ಲಿ ಏನಿತ್ತು, ಏನಿರಲಿಲ್ಲ, ಎಲ್ಲ ಅವಳಿಗೆ ಗೊತ್ತು.

1950ರ 'ಎ ಮರ್ಡರ್ ಈಸ್ ಅನೌನ್ಸ್ಡ್' ನನಗೆ ಇನ್ನೂ ಇಷ್ಟ. ಯುದ್ಧ ಮುಗಿದಿದೆ, ಆದರೆ ರೇಷನ್ ಮುಗಿದಿಲ್ಲ. ಬ್ರಿಟನ್ನಿನಲ್ಲಿ ಅದು ಪೂರ್ತಿ ನಿಂತಿದ್ದು 1954ರಲ್ಲಿ. ಹಾಗಾಗಿ ಊರವರು ಗುಟ್ಟಾಗಿ ಬೆಣ್ಣೆ, ತರಕಾರಿ ಅದಲು ಬದಲು ಮಾಡಿಕೊಳ್ಳುತ್ತಾರೆ. ಮನೆಗಳಿಗೆ ಬೀಗ ಇಲ್ಲ. ಯಾರು ಬೇಕಾದರೂ ಒಳಗೆ ಬಂದು ಏನಾದರೂ ಇಟ್ಟು ಹೋಗಬಹುದು. ಈ ಅದಲು ಬದಲು ಕಾನೂನಿಗೆ ವಿರುದ್ಧ. ಹೀಗಿರುವಾಗ ಪೊಲೀಸರ ಮುಂದೆ ಯಾರು ಬಾಯಿ ಬಿಡ್ತಾರೆ? ಟೀ ಕುಡಿಯುತ್ತಾ ಹೆಣಿಗೆ ಹಾಕುವ ಅಜ್ಜಿಯ ಮುಂದೆ ಬಿಡ್ತಾರೆ.

ಇದೇ ಪುಸ್ತಕದಲ್ಲಿ ಮಾರ್ಪಲ್ ಆಡುವ ಒಂದು ಮಾತಿದೆ. ಮೊದಲೆಲ್ಲ ಊರಿಗೆ ಹೊಸಬರು ಬಂದರೆ ಪರಿಚಯದವರಿಂದ ಪತ್ರ ತರುತ್ತಿದ್ದರು, ಅವರು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಈಗ ಇಂಡಿಯಾದಿಂದ, ಹಾಂಗ್‌ಕಾಂಗ್‌ನಿಂದ, ಚೀನಾದಿಂದ ಬಂದು ಮನೆ ಮಾಡುತ್ತಾರೆ, ತಮ್ಮ ಬಗ್ಗೆ ಅವರು ಹೇಳಿದ್ದನ್ನೇ ನಂಬಬೇಕು, ಅಂತ. ಇಲ್ಲಿ ಆಳಿದವರು ವಾಪಸ್ ಹೋಗಿ ಆ ಹಳ್ಳಿಗಳಲ್ಲಿ ನೆಲೆಸಿದ ಕಾಲ ಅದು. ಸಾಮ್ರಾಜ್ಯ ಕರಗಿದ್ದು ಒಂದು ಹಳ್ಳಿಯ ಬೀದಿಯಲ್ಲಿ ಹೇಗೆ ಕಾಣಿಸಿತು ಅನ್ನುವುದನ್ನು ನಾನು ಮೊದಲು ಓದಿದ್ದು ಈ 'ಟೈಂಪಾಸ್' ಪುಸ್ತಕದಲ್ಲಿ.

ನಿಜ ಹೇಳಬೇಕೆಂದರೆ, ಕೊಲೆಗಾರ ಹೇಗೆ ಸಿಕ್ಕ ಅಂತ ಕೇಳುವ ಬದಲು, ಸಿಕ್ಕಮೇಲೆ ಹಿಡಿದುಕೊಟ್ಟವರಿಗೆ ಏನಾಗುತ್ತದೆ ಅಂತ ಯಾರಾದರೂ ಕೇಳಬಾರದಾ? ಪೊಲೀಸನಿಗೆ ಅದು ಕೆಲಸ, ಸಂಬಳ ಇದೆ. ಹವ್ಯಾಸಿಗೆ ಆ ನೆಪವೂ ಇಲ್ಲ. ಆಗ ಬ್ರಿಟನ್ನಿನಲ್ಲಿ ಕೊಲೆಗೆ ಗಲ್ಲು ಇತ್ತು. ಅದಕ್ಕೆ ತಡೆ ಬಿದ್ದಿದ್ದು 1965ರಲ್ಲಿ. ಅಂದರೆ ಹವ್ಯಾಸಿ ಪತ್ತೇದಾರ ತಾನಾಗಿಯೇ ಒಬ್ಬನನ್ನು ನೇಣಿನವರೆಗೆ ತಲುಪಿಸುತ್ತಾನೆ.

ಇನ್ನೊಬ್ಬ ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಇದನ್ನು ಮುಚ್ಚಿಡಲಿಲ್ಲ. 1937ರ 'ಬಸ್‌ಮನ್ಸ್ ಹನಿಮೂನ್' ಕಾದಂಬರಿಯಲ್ಲಿ ಹವ್ಯಾಸಿ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಕೊಲೆಗಾರನನ್ನು ಹಿಡಿದುಕೊಡುತ್ತಾನೆ. ಆಮೇಲೆ ಅವನ ಪರವಾಗಿ ವಾದಿಸಲು ತಾನೇ ಒಳ್ಳೆಯ ವಕೀಲನನ್ನು ಗೊತ್ತು ಮಾಡುತ್ತಾನೆ. ಪ್ರಯೋಜನವಾಗುವುದಿಲ್ಲ. ಜೈಲಿಗೆ ಹೋಗಿ ಕ್ಷಮೆ ಕೇಳುತ್ತಾನೆ, ಅದೂ ಸಿಗುವುದಿಲ್ಲ. ಗಲ್ಲಿನ ಹಿಂದಿನ ರಾತ್ರಿ ಪೀಟರ್‌ಗೆ ನಿದ್ದೆ ಇಲ್ಲ. ಬೆಳಿಗ್ಗೆ ಗಂಟೆ ಎಂಟಾದಾಗ ಹೆಂಡತಿಯನ್ನು ತಬ್ಬಿಕೊಂಡು ಅಳುತ್ತಾನೆ.

ಆ ಕೊನೆಯ ಅಧ್ಯಾಯಗಳನ್ನು ಓದಿದ ಮೇಲೂ ಇವು ಕೆಲಸವಿಲ್ಲದವರ ಕತೆ ಅನ್ನಿಸಿದರೆ ಮನೆಗೆ ಬನ್ನಿ ದೊಡ್ಡಪ್ಪ, ಕೂತು ಜಗಳ ಆಡೋಣ. ಪುಸ್ತಕ ನಾನೇ ಕೊಡುತ್ತೇನೆ.