"ನೀವು ಇಷ್ಟು ಸಮಾಧಾನವಾಗಿ ಹೇಗಿರ್ತೀರಿ?"

ನನಗೆ ಬೈಪೋಲಾರ್ ಕಾಯಿಲೆ ಇದೆ ಅಂತ ಗೊತ್ತಾದವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳುವುದು ಇದನ್ನೇ. "ನೋಡಿದ್ರೆ ಹಾಗೆ ಅನ್ಸೋದೇ ಇಲ್ಲ, ಧ್ಯಾನ ಮಾಡ್ತೀರಾ?" ಇಲ್ಲ, ರಾತ್ರಿ ಹತ್ತೂವರೆಗೆ ಮಲಗುತ್ತೇನೆ.

ಇಷ್ಟೇನಾ ಅನಿಸಬಹುದು. ಆದರೆ ನನ್ನ ಮಟ್ಟಿಗೆ ಉತ್ತರ ಅಲ್ಲೇ ಇದೆ. ಈ ಕಾಯಿಲೆಯಲ್ಲಿ ಕೆಲವೊಮ್ಮೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗದಷ್ಟು ಖಿನ್ನತೆ, ಕೆಲವೊಮ್ಮೆ ನಿದ್ದೆಯೇ ಬೇಡ ಅನಿಸುವ ಉನ್ಮಾದ. ನಿದ್ದೆ ಕೆಟ್ಟರೆ ಉನ್ಮಾದ ಶುರುವಾಗಬಹುದು, ಉನ್ಮಾದ ಶುರುವಾದರೆ ನಿದ್ದೆ ಇನ್ನೂ ಕೆಡುತ್ತದೆ. ನನ್ನ ತಂಗಿಯ ಮದುವೆಯಲ್ಲಿ ಮೂರು ರಾತ್ರಿ ನಿದ್ದೆಗೆಟ್ಟು ಓಡಾಡಿದೆ. ನಾಲ್ಕನೇ ದಿನ ಎಲ್ಲರೂ ಸುಸ್ತಾಗಿ ಬಿದ್ದುಕೊಂಡಿದ್ದರೆ ನನಗೆ ಮಾತ್ರ ಸುಸ್ತೇ ಇಲ್ಲ. ಎಷ್ಟು ಚುರುಕಾಗಿದ್ದಾನೆ ಅಂತ ನೆಂಟರಿಗೆಲ್ಲ ಖುಷಿ. ವಾರ ಕಳೆಯುವಷ್ಟರಲ್ಲಿ ಸಾಲ ತಂದು, ಯಾರಿಗೂ ಹೇಳದೆ ಹೋಟೆಲ್ ಇಡಲು ಅಡ್ವಾನ್ಸ್ ಕೊಟ್ಟಿದ್ದೆ.

ಈಗ ಲಿಥಿಯಂ ತಗೊಳ್ತೇನೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಇದು ಉನ್ಮಾದಕ್ಕೆ ಕೆಲಸ ಮಾಡುತ್ತದೆ ಅಂತ ವರದಿ ಮಾಡಿದರು, ಇವತ್ತಿಗೂ ಮುಖ್ಯವಾದ ಔಷಧಿ. ಆದರೆ ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಅದಕ್ಕೇ ಆಗಾಗ ರಕ್ತಪರೀಕ್ಷೆ, ಜೊತೆಗೆ ಥೈರಾಯ್ಡ್, ಕಿಡ್ನಿ ನೋಡಿಸಬೇಕು. ಬೇಸಿಗೆಯಲ್ಲಿ ನೀರು ಕಮ್ಮಿಯಾದರೂ ರಕ್ತದಲ್ಲಿ ಲಿಥಿಯಂ ಏರುತ್ತದೆ, ಹಾಗಾಗಿ ಅಮ್ಮನ ಹಾಗೆ ನೀರೂ ಕುಡಿಯದೆ ಏಕಾದಶಿ ಮಾಡಲು ನನಗೆ ಆಗುವುದಿಲ್ಲ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್ ತಂದು ನುಂಗುವ ಹಾಗೂ ಇಲ್ಲ. "ಈಗ ಆರಾಮಾಗಿದ್ದೀಯಲ್ಲ, ಇನ್ನೂ ಮಾತ್ರೆ ಯಾಕೆ" ಅನ್ನುವವರು ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಒಮ್ಮೆ ಆ ಮಾತು ಕೇಳಿ ಡಾಕ್ಟರಿಗೆ ಹೇಳದೆ ಬಿಟ್ಟು ನಾಲ್ಕು ತಿಂಗಳು ಕಳೆದುಕೊಂಡೆ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ.

ನನಗೆ ಕಷ್ಟವಾದದ್ದು ಬೇಜಾರನ್ನು ಗುರುತಿಸುವುದಲ್ಲ, ಖುಷಿಯನ್ನು. ಇದು ನಿಜವಾದ ಖುಷಿಯಾ, ಅಥವಾ ಕಾಯಿಲೆ ಏರುತ್ತಿದೆಯಾ? ಒಳಗಿದ್ದವನಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೇ ದುಡ್ಡಿನ ವಿಷಯ ಏನೇ ಇರಲಿ, ಎರಡು ರಾತ್ರಿ ಚೆನ್ನಾಗಿ ಮಲಗಿ ಎದ್ದ ಮೇಲೆಯೇ ತೀರ್ಮಾನ. ನನ್ನ ಮಾತು ಜೋರಾದರೆ ಹೆಂಡತಿ ಕೇಳುತ್ತಾಳೆ, "ರೀ, ನಿನ್ನೆ ಎಷ್ಟೊತ್ತಿಗೆ ಮಲಗಿದ್ರಿ?" ಮೊದಲೆಲ್ಲ ಈ ಪ್ರಶ್ನೆಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗ ನಿಜ ಹೇಳುತ್ತೇನೆ, ಬೇಕಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಹಾಗೆ ಕೇಳುವವರು ಯಾರೂ ಇಲ್ಲದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ತಂಗಿಯ ಮನೆಯ ಗೃಹಪ್ರವೇಶ. ಹಿಂದಿನ ರಾತ್ರಿ ವಾಸ್ತುಹೋಮ, ಹೊಗೆ, ಮಕ್ಕಳ ಗಲಾಟೆ, ಹಿತ್ತಲಲ್ಲಿ ಅಡುಗೆಯವರ ಪಾತ್ರೆ ಸದ್ದು. ಹತ್ತು ಗಂಟೆಗೆ ಅವಳೇ ಕೋಣೆಯಲ್ಲಿ ಹಾಸಿಗೆ ಹಾಸಿ ಬಂದಳು. "ಅಣ್ಣ, ನೀನು ಮಲ್ಕೋ. ಬೆಳಿಗ್ಗೆ ಹಸು ಬರುವಾಗ ಎಬ್ಬಿಸ್ತೀನಿ."