ಮನರಂಜನಾ ಕಾನೂನಿನಲ್ಲಿ ಓದುವುದಕ್ಕೆ ಏನಿದೆ?

ಈ ಪ್ರಶ್ನೆಗೆ ಇನ್ನು ಬಾಯಿಮಾತಿನಲ್ಲಿ ಉತ್ತರಿಸುವುದಿಲ್ಲ. ಬರೆದೇ ಇಡುತ್ತಿದ್ದೇನೆ. ಮದುವೆ, ಮುಂಜಿ, ಬಸ್ಸು, ಲಿಫ್ಟು, ಹಲ್ಲಿನ ವೈದ್ಯರ ಕುರ್ಚಿ, ಎಲ್ಲ ಕಡೆಯೂ ಇದನ್ನು ಕೇಳಿಸಿಕೊಂಡಿದ್ದೇನೆ. ಹಲ್ಲಿನ ವೈದ್ಯರು ಕೇಳಿದಾಗ ಬಾಯಿ ತೆರೆದುಕೊಂಡು ಕುಳಿತಿದ್ದೆ, ಹಾಗಾಗಿ ಉತ್ತರ ಕೊಡುವ ಕಷ್ಟ ತಪ್ಪಿತು.

ಮೊದಲು ಒಣ ಸಂಗತಿಗಳು. ಐದು ವರ್ಷದ ಕಾನೂನು ಪದವಿ ಮುಗಿಸಿ, ಒಂದು ವರ್ಷದ ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂ ಮಾಡಿದೆ. ಪ್ರಮಾಣಪತ್ರದಲ್ಲಿ ಇರುವುದು ಬೌದ್ಧಿಕ ಆಸ್ತಿ ಎಂದು, ಅಂದರೆ ಬರಹ, ಹಾಡಿನಂಥ ಬುದ್ಧಿಯ ಸೃಷ್ಟಿಗಳ ಮೇಲಿನ ಹಕ್ಕು. ಆರಿಸಿಕೊಂಡ ಐಚ್ಛಿಕ ವಿಷಯಗಳೂ ಕೊನೆಯಲ್ಲಿ ಬರೆದ ಪ್ರಬಂಧವೂ ಮನರಂಜನಾ ಕ್ಷೇತ್ರಕ್ಕೆ ಸೇರಿದವು. ಮನರಂಜನಾ ಕಾನೂನು ಎಂಬ ಹೆಸರಿನ ಅಧಿನಿಯಮ ನಮ್ಮ ದೇಶದಲ್ಲಿ ಇಲ್ಲ. 1957ರ ಹಕ್ಕುಸ್ವಾಮ್ಯ (ಕಾಪಿರೈಟ್) ಅಧಿನಿಯಮ, 1952ರ ಸಿನಿಮಾಟೋಗ್ರಾಫ್ ಅಧಿನಿಯಮ, 1872ರ ಕರಾರು ಅಧಿನಿಯಮ, ಮಾನಹಾನಿ, ಟ್ರೇಡ್‌ಮಾರ್ಕ್, ಸ್ಪರ್ಧಾ ಕಾನೂನು, ತೆರಿಗೆ ಇವೆಲ್ಲ ಒಂದು ಸಿನಿಮಾದ ಅಥವಾ ಹಾಡಿನ ಮೇಲೆ ಒಟ್ಟಿಗೆ ಬಂದು ಬೀಳುವ ಜಾಗಕ್ಕೆ ಆ ಹೆಸರು. ನಟರ ವಿಚ್ಛೇದನ ಕೌಟುಂಬಿಕ ನ್ಯಾಯಾಲಯದ್ದು. ನಟರ ಜಾಮೀನಿಗೆ ಕ್ರಿಮಿನಲ್ ವಕೀಲರಿದ್ದಾರೆ. ಯಾವ ನಟನ ಫೋನ್ ನಂಬರೂ ನನ್ನ ಬಳಿ ಇಲ್ಲ. ಇದ್ದರೂ ಕೊಡುವುದಿಲ್ಲ.

"ಸಿನಿಮಾ ನೋಡಿಕೊಂಡು ಎಲ್‌ಎಲ್‌ಎಂ ಮುಗಿಸಿದೆ ಅನ್ನು" ಎನ್ನುವವರಿಗೆ: ಆ ವರ್ಷ ನಾನು ನೋಡಿದಷ್ಟು ಕಡಿಮೆ ಸಿನಿಮಾವನ್ನು ಪಿಯುಸಿ ಪರೀಕ್ಷೆಯ ವರ್ಷವೂ ನೋಡಿರಲಿಲ್ಲ. ಸಿನಿಮಾ ನೋಡುವ ಬದಲು ಸಿನಿಮಾದ ಮೇಲಿನ ತೀರ್ಪುಗಳನ್ನು ಓದುವುದೇ ಈ ಓದಿನ ಶಾಪ. 'ಹಮ್ ಹಿಂದೂಸ್ತಾನಿ' ಎಂಬ ನಾಟಕ, 'ನ್ಯೂ ಡೆಲ್ಲಿ' ಎಂಬ 1956ರ ಹಿಂದಿ ಚಿತ್ರ, ಎರಡರ ಕಥೆಯೂ ನನಗೆ ದೃಶ್ಯವಾರು ಬಾಯಿಪಾಠ. ಎರಡನ್ನೂ ನೋಡಿಲ್ಲ. ನಾಟಕ ಬರೆದ ಆರ್.ಜಿ. ಆನಂದ್ ತಮ್ಮ ಕಥೆಯನ್ನೇ ಚಿತ್ರ ಮಾಡಿದ್ದಾರೆಂದು ದಾವೆ ಹೂಡಿದ್ದರು. ಪ್ರಾಂತೀಯತೆಯ ಜಗಳ ಎಂಬ ವಿಷಯ ಯಾರೊಬ್ಬರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ರಕ್ಷಣೆ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. "ನನ್ನ ಕಥೆ ಕದ್ದರು" ಎಂದು ನಮ್ಮ ಕಚೇರಿಯ ಮೆಟ್ಟಿಲು ಹತ್ತುವವರಲ್ಲಿ ಬಹಳ ಜನ ಈ ಒಂದು ತೀರ್ಪಿನ ಎದುರು ಮುಖ ಬಾಡಿಸಿಕೊಂಡು ಮೆಟ್ಟಿಲಿಳಿಯುತ್ತಾರೆ. ಶೀರ್ಷಿಕೆ ಕದ್ದರು ಎಂದು ಬರುವವರಿಗೂ ಅದೇ ಗತಿ. ಬರಿಯ ಶೀರ್ಷಿಕೆಗೆ ಹಕ್ಕುಸ್ವಾಮ್ಯ ಇಲ್ಲವೆಂದು 2015ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸುವುದು ಉದ್ಯಮದವರು ತಮ್ಮೊಳಗೆ ಮಾಡಿಕೊಂಡ ಶಿಸ್ತು. ಒಳ್ಳೆಯ ಶಿಸ್ತೇ, ಆದರೆ ಅದು ಹಕ್ಕುಸ್ವಾಮ್ಯವಲ್ಲ.

ನನಗೆ ಸಿಟ್ಟು ಬರಿಸುವುದು ಪ್ರಶ್ನೆಯಲ್ಲ, "ಏನಿದೆ" ಎನ್ನುವಾಗ ಸೊಟ್ಟಗಾಗುವ ಆ ತುಟಿ. ಡಬ್ಬಿಂಗ್ ಬೇಕೋ ಬೇಡವೋ ಎಂದು ವರ್ಷಗಟ್ಟಲೆ ಚಹಾದಂಗಡಿಯಲ್ಲಿ ಗಂಟಲು ಹರಿದುಕೊಂಡವರೇ ಹೀಗೆ ಕೇಳುತ್ತಾರೆ. ಆ ಜಗಳ ಒಂದು ಹಂತಕ್ಕೆ ಬಂದದ್ದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದಿಂದ. ಮಲ್ಟಿಪ್ಲೆಕ್ಸ್ ಟಿಕೆಟಿಗೆ ಇನ್ನೂರು ರೂಪಾಯಿ ಮಿತಿ ಎಂದು 2025ರಲ್ಲಿ ಚಪ್ಪಾಳೆ ಹೊಡೆದು, ಹೈಕೋರ್ಟ್ ತಡೆ ಕೊಟ್ಟಾಗ ಬೈದವರೂ ಇವರೇ. 2022ರ ನವೆಂಬರಿನಲ್ಲಿ 'ಕೆಜಿಎಫ್ 2'ರ ಹಾಡು ಬಳಸಿದ್ದಕ್ಕೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಒಂದು ರಾಷ್ಟ್ರೀಯ ಪಕ್ಷದ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನವೇ ಹೈಕೋರ್ಟ್ ಷರತ್ತಿನ ಮೇಲೆ ಆ ಆದೇಶವನ್ನು ತೆಗೆಯಿತು. ಆ ಎರಡು ದಿನ ನನಗೆ ಬಂದ ಕರೆಗಳಲ್ಲಿ ಒಬ್ಬರೂ "ಇದರಲ್ಲಿ ಓದುವುದಕ್ಕೆ ಏನಿದೆ" ಎನ್ನಲಿಲ್ಲ. ಮೂರನೆಯ ದಿನದಿಂದ ಮತ್ತೆ ಶುರು.

ಇಲ್ಲಿ ಕೋಟದ ಕಡೆ ನಡೆದ ಒಂದು ಉಪನಯನದ ಊಟವನ್ನು ಹೇಳಲೇಬೇಕು. ಎಲೆಯ ಮೇಲೆ ಹೋಳಿಗೆ ಬಿದ್ದು ಕಾಯಿಹಾಲಿಗೆ ಕಾಯುತ್ತಿದ್ದೆವು. ಎದುರು ಪಂಕ್ತಿಯಲ್ಲಿ ದೊಡ್ಡಪ್ಪ. ನಿವೃತ್ತ ಬ್ಯಾಂಕ್ ಮ್ಯಾನೇಜರ್, ಯಾವ ವಿಷಯವಾದರೂ ಸಾಲ ಮಂಜೂರು ಮಾಡುವ ಧಾಟಿಯಲ್ಲೇ ಮಾತಾಡುತ್ತಾರೆ. "ಮಗಳೇ, ಎಲ್‌ಎಲ್‌ಎಂ ಅಂದರೆ ಸಂವಿಧಾನ ಓದಬೇಕು, ತೆರಿಗೆ ಓದಬೇಕು. ಹಾಡು ಕುಣಿತದಲ್ಲಿ ಓದುವುದಕ್ಕೆ ಏನಿದೆ? ಹಾಡು ಬರೆದವನು ಒಂದು ಸಲ ದುಡ್ಡು ತೆಗೆದುಕೊಂಡ, ಅಲ್ಲಿಗೆ ಮುಗಿಯಿತಲ್ಲ?"

ವಿಚಿತ್ರವೆಂದರೆ, ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ನಿರ್ಮಾಪಕ ದುಡ್ಡು ಕೊಟ್ಟು ಸಾಹಿತ್ಯವನ್ನೋ ಸಂಗೀತವನ್ನೋ ಮಾಡಿಸಿಕೊಂಡರೆ, ಬೇರೆ ಕರಾರು ಇಲ್ಲದಿದ್ದಲ್ಲಿ ಮೊದಲ ಒಡೆಯ ಅವನೇ. ದೊಡ್ಡಪ್ಪ ಕಾನೂನು ಓದದೆ, ಎಲೆಯ ಮುಂದೆ ಕುಳಿತು, ಆ ತೀರ್ಪಿನ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳಿದ್ದರು. ನಮ್ಮ ತರಗತಿಯಲ್ಲಿ ಹಾಗೆ ಹೇಳಲು ಬರುವವರು ಕಡಿಮೆ. ತೊಂದರೆಯೆಂದರೆ ಅವರು 1977ರಲ್ಲೇ ಉಳಿದಿದ್ದರು. 2012ರಲ್ಲಿ ಸಂಸತ್ತು ಹಕ್ಕುಸ್ವಾಮ್ಯ ಅಧಿನಿಯಮವನ್ನು ತಿದ್ದಿತು. ಆಗ ರಾಜ್ಯಸಭೆಯಲ್ಲಿದ್ದ ಗೀತರಚನೆಕಾರ ಜಾವೇದ್ ಅಖ್ತರ್ ಇದಕ್ಕಾಗಿ ಪಟ್ಟುಹಿಡಿದು ವಾದಿಸಿದ್ದರು. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆಲ್ಲೇ ಆ ಹಾಡು ಬಳಕೆಯಾದರೂ ಬರುವ ರಾಯಧನದಲ್ಲಿ ಸಾಹಿತ್ಯ ಬರೆದವರಿಗೂ ಸಂಗೀತ ಮಾಡಿದವರಿಗೂ ಸಮಪಾಲು ಎಂದಾಯಿತು. ಆ ಪಾಲನ್ನು ಬಿಟ್ಟುಕೊಟ್ಟಿದ್ದೇನೆಂದು ಅವರೇ ಸಹಿ ಹಾಕಿದರೂ ಆ ಸಹಿ ನಿಲ್ಲುವುದಿಲ್ಲ. ಹಸಿವಿನಲ್ಲಿರುವವನು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆ ಎಂದು ಕಾನೂನೇ ಒಪ್ಪಿಕೊಂಡ ಅಪರೂಪದ ಜಾಗ ಇದು. ನನ್ನ ಮಟ್ಟಿಗೆ ಈ ಒಂದು ಕಲಮಿಗಾಗಿಯಾದರೂ ಒಂದು ವರ್ಷ ಓದಬಹುದು.

ಇಷ್ಟನ್ನು ಕಾಯಿಹಾಲು ಬರುವುದರೊಳಗೆ ಹೇಳಲು ಆಗಲಿಲ್ಲ. ಬದಲಿಗೆ ಕೇಳಿದೆ: "ದೊಡ್ಡಪ್ಪಾ, ಕಾರಂತರ ಯಕ್ಷಗಾನ ಯಾರದ್ದು ಎಂದು ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯ ನಡೆದದ್ದು ನಿಮಗೆ ಗೊತ್ತೇ?"

ಕೋಟದಲ್ಲಿ ಕುಳಿತು ಕೋಟದ ಶಿವರಾಮ ಕಾರಂತರ ಬಗ್ಗೆ ಹೀಗೆ ಕೇಳುವುದು ಜಗಳಕ್ಕೆ ಆಹ್ವಾನ ಕೊಟ್ಟಂತೆ ಎಂದು ನನಗೆ ಗೊತ್ತಿತ್ತು, ಬೇಕೆಂದೇ ಕೇಳಿದೆ. ಅಲ್ಲಿದ್ದವರಲ್ಲಿ ಅರ್ಧ ಜನ ಕಾರಂತರನ್ನು ಕಣ್ಣಾರೆ ಕಂಡವರು, ಉಳಿದರ್ಧ ಕಂಡೆವೆಂದು ಹೇಳುವವರು. ವ್ಯಾಜ್ಯದ ಸುದ್ದಿ ಒಬ್ಬರಿಗೂ ತಿಳಿದಿರಲಿಲ್ಲ. "ಯಕ್ಷಗಾನಕ್ಕೆ ಎಂಥ ಹಕ್ಕು? ಅದು ದೇವರ ಸೇವೆ" ಎಂದು ಯಾರೋ ಅಂದರು.

ಸಂಗತಿ ಇದು. ಕಾರಂತರು ಯಕ್ಷಗಾನವನ್ನು ತಮ್ಮ ರೀತಿಯಲ್ಲಿ ಬೆಳೆಸಿ 'ಯಕ್ಷರಂಗ' ಎಂಬ ಹೊಸ ರೂಪ ಕೊಟ್ಟಿದ್ದರು. 1994ರಲ್ಲಿ ಉಯಿಲು ಬರೆದರು, 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ನಿರ್ದೇಶಕರಾಗಿದ್ದ ಮಣಿಪಾಲದ ಸಂಸ್ಥೆ 2001ರಲ್ಲಿ ದೆಹಲಿಯಲ್ಲಿ ಪ್ರದರ್ಶನ ಕೊಟ್ಟಾಗ, ಉಯಿಲಿನಿಂದ ಹಕ್ಕು ಪಡೆದವರು ದಾವೆ ಹೂಡಿದರು. ಉಡುಪಿಯ ಜಿಲ್ಲಾ ನ್ಯಾಯಾಲಯ, ಹೈಕೋರ್ಟ್ ದಾಟಿ 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಉಯಿಲಿನ ಒಂದು ಕಲಮು ಸಾಹಿತ್ಯ ಕೃತಿಗಳ ಹಕ್ಕನ್ನು ಕೊಟ್ಟಿತ್ತು. ಕುಣಿತ, ವೇಷ, ರಂಗವಿನ್ಯಾಸ ಕೂಡಿದ್ದು ಸಾಹಿತ್ಯ ಕೃತಿಯೇ ಅಥವಾ ನಾಟಕ ಕೃತಿಯೇ? ಎರಡೂ ಬೇರೆ ಬೇರೆ ಎಂದಿತು ಸುಪ್ರೀಂ ಕೋರ್ಟ್. ಆದರೆ ಬೇರೇನೇ ಆಸ್ತಿ ಉಳಿದಿದ್ದರೂ ಅದು ಇವರಿಗೇ ಎಂಬ ಇನ್ನೊಂದು ಕಲಮು ಉಯಿಲಿನಲ್ಲಿತ್ತು, ಹಾಗಾಗಿ ಹಕ್ಕು ಅವರಿಗೇ ಉಳಿಯಿತು. ಜೊತೆಗೆ, ಅಧಿನಿಯಮವೇ ವಿನಾಯಿತಿ ಕೊಟ್ಟ ಸಂದರ್ಭಗಳಲ್ಲಿ ಸಂಸ್ಥೆ ಪ್ರದರ್ಶನ ಮಾಡಬಹುದು ಎಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಕಾರಂತರ ಕೃತಿಗಳ ಹಕ್ಕುಸ್ವಾಮ್ಯ, ಅವರು ತೀರಿಕೊಂಡ ಮರುವರ್ಷದಿಂದ ಅರುವತ್ತು ವರ್ಷ, ಅಂದರೆ 2057ರ ಕೊನೆಯವರೆಗೆ ಇರುತ್ತದೆ.

ಪರಂಪರೆಯ ಯಕ್ಷಗಾನ ಯಾರದ್ದೂ ಅಲ್ಲ, ಅದರ ಮೇಲೆ ಒಬ್ಬರು ಹೊಸದಾಗಿ ಕಟ್ಟಿದ್ದು ಅವರದ್ದು. ಆದರೆ ನೃತ್ಯಕ್ಕೆ ರಕ್ಷಣೆ ಸಿಗಬೇಕಾದರೆ ಅದು ಬರವಣಿಗೆಯಲ್ಲೋ ಬೇರೆ ಯಾವುದಾದರೂ ರೀತಿಯಲ್ಲೋ ದಾಖಲಾಗಿರಬೇಕು. ಈ ಷರತ್ತನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಮೇಳಗಳ ನೆನಪೇ ಬಂತು. ಗುರುವಿನಿಂದ ನೋಡಿ ಕಲಿತು, ಆಟದಿಂದ ಆಟಕ್ಕೆ ಬದಲಿಸಿಕೊಂಡು ಹೋಗುವ ಒಬ್ಬ ವೇಷಧಾರಿಯ ಹೆಜ್ಜೆಯನ್ನು ಯಾರು ಬರೆದಿಟ್ಟಿದ್ದಾರೆ? ನನ್ನ ಪ್ರಬಂಧ ಹುಟ್ಟಿದ್ದು ಈ ಪ್ರಶ್ನೆಯಿಂದ. ಇದನ್ನು ಕೇಳಿ ಎಂದು ನಾನು ಕಾಯುತ್ತಿರುತ್ತೇನೆ, ಜನ ನಟಿಯರ ಸಂಭಾವನೆ ಕೇಳುತ್ತಾರೆ.

ಆ ದಿನ ಕೈ ತೊಳೆಯುವ ಜಾಗದಲ್ಲಿ, ಸಂಬಂಧದಲ್ಲಿ ಅಜ್ಜನಾಗಬೇಕಾದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಹಿಂದೆ ಪ್ರಸಂಗ, ಅಂದರೆ ಯಕ್ಷಗಾನದ ಆಟಕ್ಕೆ ಬೇಕಾದ ಕಥೆಯ ಪದ್ಯಗಳನ್ನು, ಬರೆಯುತ್ತಿದ್ದವರು. ಓದುವುದಕ್ಕೆ ಏನಿದೆ ಎಂದು ಅವರು ಕೇಳಲಿಲ್ಲ. "ನನ್ನ ಪ್ರಸಂಗವನ್ನು ಒಬ್ಬರು ಕ್ಯಾಸೆಟ್ ಮಾಡಿದ್ದರು. ಈಗ ಅದು ಯೂಟ್ಯೂಬಿನಲ್ಲಿ ಇದೆಯಂತೆ, ಮೊಮ್ಮಗ ತೋರಿಸಿದ. ನನ್ನ ಹೆಸರೂ ಇಲ್ಲ. ನಾನೊಂದು ಕಾಗದಕ್ಕೆ ಸಹಿ ಹಾಕಿದ್ದೆ. ಹಾಕಿದ ಮೇಲೆ ಏನೂ ಕೇಳುವ ಹಾಗಿಲ್ಲ, ಅಲ್ಲವೇ?" ಎಂದರು.

ನನಗೆ ಬೇಕಿದ್ದ ಪ್ರಶ್ನೆ ಇದು. ಎಷ್ಟೋ ಕಲಾವಿದರಿಗೆ ಬೇಕಾದೀತು, ಆದ್ದರಿಂದ ಉತ್ತರವನ್ನೂ ಬರೆಯುತ್ತೇನೆ. ಕೇಳುವ ಹಾಗಿದೆ. ಹಕ್ಕು ಕೊಟ್ಟದ್ದು ಬರವಣಿಗೆಯಲ್ಲಿರಬೇಕು, ಕೊಟ್ಟವರ ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಕಾಗದದಲ್ಲಿ ಹೇಳದಿದ್ದರೆ ಐದೇ ವರ್ಷಕ್ಕೆ ಕೊಟ್ಟದ್ದೆಂದು ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ. ಆದರೆ 1994ರ ತಿದ್ದುಪಡಿ ಜಾರಿಗೆ ಬಂದ 1995ರ ಮೇ 10ಕ್ಕಿಂತ ಹಿಂದಿನ ಕಾಗದಕ್ಕೆ ಅವಧಿ, ಪ್ರದೇಶದ ಈ ನಿಯಮಗಳು ಅನ್ವಯಿಸುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ತಾರೀಖನ್ನು. ಮಾರಿದ ಮೇಲೂ ಕರ್ತೃ ಎಂದು ಗುರುತಿಸಿಕೊಳ್ಳುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ, ಹೆಸರು ಹಾಕಿ ಎಂದು ಕೇಳಲು ಅದು ಸಾಕು. ಧ್ವನಿಮುದ್ರಣದ ಹಕ್ಕು ಕ್ಯಾಸೆಟ್ ಮಾಡಿಸಿದವರದ್ದು, ಅದು ಬೇರೆ. ಪದ್ಯದ ಹಕ್ಕು ಬರೆದವರದ್ದು, ಅದೂ ಬೇರೆ. ಯೂಟ್ಯೂಬಿಗೆ ಹಾಕುವವರಿಗೆ ಎರಡೂ ಬೇಕು.

ಅಜ್ಜ ಕಾಗದ ಇಟ್ಟುಕೊಂಡಿದ್ದರು. ಪಂಚಾಂಗಗಳ ನಡುವೆ, ಮಡಿಕೆ ಹರಿದಿದ್ದರೂ ಓದಲು ಬರುವಂತಿತ್ತು. ತಾರೀಖು 1998ರದ್ದು. ಅವಧಿಯ ಮಾತಿಲ್ಲ. ಪದ್ಯದ ಹಕ್ಕು ಅವರಿಗೆ ಎಂದೋ ಮರಳಿ ಬಂದಿದೆ ಎಂದು ಹೇಳಿದೆ.

ಈಗ ಉಳಿದಿರುವುದು ನಿಜವಾದ ಕೆಲಸ. ಕ್ಯಾಸೆಟ್ ಮಾಡಿದ ಸಂಸ್ಥೆ ಮುಚ್ಚಿದೆ. ಅವರ ದಾಸ್ತಾನನ್ನು ಕೊಂಡವರು ಇನ್ನೊಬ್ಬರಿಗೆ ಮಾರಿದ್ದಾರೆ, ಯೂಟ್ಯೂಬಿಗೆ ಹಾಕಿದವರು ಆ ಇನ್ನೊಬ್ಬರಿಂದ ಕೊಂಡೆವೆನ್ನುತ್ತಾರೆ. ಯಾರು ಯಾರಿಗೆ ಏನನ್ನು ಮಾರಿದರು ಎಂಬ ಕಾಗದಗಳನ್ನು ಒಂದೊಂದಾಗಿ ಕೇಳಿ ತರಿಸಿಕೊಳ್ಳಬೇಕು. ಎಲ್‌ಎಲ್‌ಎಂ ತರಗತಿಯಲ್ಲಿ ಕಲಿತದ್ದರಲ್ಲಿ ಅತಿ ನೀರಸವಾದ ವಿದ್ಯೆ ಇದು, ದಿನನಿತ್ಯ ಉಪಯೋಗಕ್ಕೆ ಬರುವುದೂ ಇದೇ. ನಡುವಿನವರು ಮಾತ್ರ ಕಾಗದ ಕಳೆದುಹೋಗಿದೆ ಎನ್ನುತ್ತಿದ್ದಾರೆ. ಅವರಿಗೆ ಹೋದ ವಾರ ನೋಟಿಸು ಕಳುಹಿಸಿದ್ದೇವೆ.