ದಿನಚರಿ: ಕೆಫರ್‌ಮಾರ್ಕ್ಟ್ ಚರ್ಚು, ಅಮ್ಮನ ಪ್ರಶ್ನೆ

12 ಅಕ್ಟೋಬರ್ 2024, ಶನಿವಾರ, ಲಿಂಟ್ಸ್, ಆಸ್ಟ್ರಿಯಾ

ಅಮ್ಮ ಮಲಗಿದಳು. ನನಗೆ ನಿದ್ದೆ ಬರುತ್ತಿಲ್ಲ. ಮಧ್ಯಾಹ್ನ ಚರ್ಚಿನಲ್ಲಿ ಅವಳು ಕೇಳಿದ ಒಂದು ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಬರೆದಿಟ್ಟರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ.

ಕೆಫರ್‌ಮಾರ್ಕ್ಟ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತ ಅವಳು ಇಲ್ಲಿಗೆ ಬಂದ ದಿನದಿಂದ ಆಸೆ ಇತ್ತು. ಮಳೆ, ಅವಳ ಮಂಡಿನೋವು, ಇವರ ಆಫೀಸು, ಏನೋ ಒಂದು ಅಡ್ಡ ಬರುತ್ತಲೇ ಇತ್ತು. ಇವತ್ತು ಬಿಸಿಲು ಬಿತ್ತು, ಹೊರಟೆವು. ಲಿಂಟ್ಸ್‌ನಿಂದ ಉತ್ತರಕ್ಕೆ, ಫ್ರೈಸ್ಟಾಟ್ ಕಡೆಗೆ ಹೋಗುವ ದಾರಿ. ಸಣ್ಣ ಊರು. ಮೇಲೆ ಗುಡ್ಡದಲ್ಲಿ ವೈನ್‌ಬರ್ಗ್ ಕೋಟೆ, ಕೆಳಗೆ ಚರ್ಚು. ಆ ಕೋಟೆಯ ಒಡೆಯ ಕ್ರಿಸ್ಟೋಫ್ ಫೋನ್ ತ್ಸೆಲ್ಕಿಂಗ್ ಕಟ್ಟಿಸಿದ ಚರ್ಚು ಇದು. 1470ರ ಸುಮಾರಿಗೆ ಕೆಲಸ ಶುರು, 1476ರಲ್ಲಿ ಪ್ರತಿಷ್ಠೆ. ಗಾಥಿಕ್ ಶೈಲಿಯ ಕೊನೆಗಾಲ. ದೊಡ್ಡ ನಗರದ ಕ್ಯಾಥೆಡ್ರಲ್‌ಗಳ ಹಾಗೆ ಆಕಾಶಕ್ಕೆ ಏಣಿ ಹಾಕುವ ಹಟ ಇಲ್ಲಿಲ್ಲ. ಹೊರಗಿನಿಂದ ನೋಡಿದರೆ ಊರಿನ ಒಂದು ದೊಡ್ಡ ಮನೆ ಅನ್ನಬೇಕು, ಅಷ್ಟೇ. ಚೂಪು ಕಮಾನಿನ ಕಿಟಕಿ, ಒಳಗೆ ತಲೆ ಎತ್ತಿದರೆ ಚಾವಣಿಯಲ್ಲಿ ಒಂದನ್ನೊಂದು ದಾಟಿ ಹೋಗುವ ಕಲ್ಲಿನ ಏಣುಗಳು. ಅಷ್ಟು ಹೊತ್ತಿಗೆ ಆ ಏಣುಗಳು ಭಾರ ಹೊರೋದಕ್ಕಿಂತ ಅಂದಕ್ಕೇ ಜಾಸ್ತಿ ಆಗಿದ್ದವು. ನನಗೆ ಅದು ತುಂಬ ಇಷ್ಟ. ಕಟ್ಟುವವರಿಗೆ ಕೈ ಪಳಗಿದ ಮೇಲೆ ಬರುವ ಸಲೀಸು ಅದರಲ್ಲಿ ಕಾಣುತ್ತದೆ.

ಆದರೆ ಅಲ್ಲಿಗೆ ಹೋಗುವವರು ಯಾರೂ ಚಾವಣಿ ನೋಡೋಕೆ ಹೋಗೋದಿಲ್ಲ. ಎದುರಿಗೆ ಬಲಿಪೀಠದ ಹಿಂದೆ 13 ಮೀಟರಿಗೂ ಎತ್ತರ ಎದ್ದು ನಿಂತಿರುವ ಮರದ ಕೆತ್ತನೆ ಇದೆಯಲ್ಲ, ಅದನ್ನೂ ಪೀಠ ಅಂತಲೇ ಕರೆಯೋದು, ಅದಕ್ಕೆ ಹೋಗೋದು. ಬಾಗಿಲು ದಾಟಿದ ತಕ್ಷಣ ಅಮ್ಮ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಒಬ್ಬರು ಪಕ್ಕಕ್ಕೆ ಸರಿದು ಹೋದರು. ಅವಳಿಗೆ ಅದೂ ಗೊತ್ತಾಗಲಿಲ್ಲ.

ಮೂರ್ತಿಗಳೆಲ್ಲ ಲಿಂಡೆನ್ ಮರ. ನಡುವೆ ಆಳುದ್ದದ ಮೂವರು ಸಂತರು. ಮಧ್ಯದಲ್ಲಿ ಬಿಷಪ್ ವುಲ್ಫ್‌ಗಾಂಗ್, ಈ ಚರ್ಚು ಅವರದೇ ಹೆಸರಿನದು. ಒಂದು ಪಕ್ಕ ಸಂತ ಪೇತ್ರ, ಇನ್ನೊಂದು ಪಕ್ಕ ಮಗುವನ್ನು ಹೆಗಲ ಮೇಲೆ ಹೊತ್ತ ಕ್ರಿಸ್ಟೋಫರ್. ಎರಡೂ ಬದಿಯ ಬಾಗಿಲಿನಂಥ ರೆಕ್ಕೆಗಳಲ್ಲಿ ಮರಿಯಮ್ಮನ ಬದುಕಿನ ನಾಲ್ಕು ಘಟ್ಟ: ಗಬ್ರಿಯೇಲ ದೂತ ಸುದ್ದಿ ತರೋದು, ಕೂಸು ಹುಟ್ಟಿದ್ದು, ಮೂವರು ಜ್ಞಾನಿಗಳು ಕಾಣಿಕೆ ತಂದದ್ದು, ಮರಿಯಮ್ಮನ ಕೊನೆಯುಸಿರು. ಮೇಲೆ ತೆಳ್ಳನೆಯ ಮರದ ಗೋಪುರಗಳು ಒಂದರೊಳಗೊಂದು ಹೆಣೆದು ಚಾವಣಿಯವರೆಗೂ ಹೋಗುತ್ತವೆ. ಇಂಥ ರೆಕ್ಕೆಯ ಪೀಠಗಳನ್ನು ಆಗಿನ ಕಾಲದಲ್ಲಿ ಸಾಮಾನ್ಯ ದಿನಗಳಲ್ಲಿ ಮುಚ್ಚಿಡುತ್ತಿದ್ದರು. ಹಬ್ಬಕ್ಕೆ ಮಾತ್ರ ತೆರೆಯೋದು. ವರ್ಷಪೂರ್ತಿ ಹೊಲದಲ್ಲಿ ದುಡಿದು ಬಂದ ಜನರಿಗೆ ಹಬ್ಬದ ದಿನ ರೆಕ್ಕೆ ಬಿಚ್ಚಿಕೊಂಡಾಗ ಹೇಗಾಗಿರಬೇಡ.

ಕ್ರಿಸ್ಟೋಫ್ ಇದನ್ನು ನೋಡಲೇ ಇಲ್ಲ. 1490ರಲ್ಲಿ ಉಯಿಲು ಬರೆದು ಪೀಠಕ್ಕೆ ದುಡ್ಡು ಎತ್ತಿಟ್ಟ, 1491ರಲ್ಲಿ ತೀರಿಕೊಂಡ. ಪೀಠ ಮುಗಿದದ್ದು 1497ರ ಹೊತ್ತಿಗೆ. ಆ ಕ್ರಿಸ್ಟೋಫರನ ಮೂರ್ತಿ ಅಲ್ಲಿ ಬಂದದ್ದು ದಾನಿಯ ಹೆಸರಿನ ಸಂತ ಅಂತ. ಕೆತ್ತಿದವರು ಯಾರು ಅಂತ ಗಟ್ಟಿಯಾಗಿ ಯಾರಿಗೂ ಹೇಳೋಕಾಗಿಲ್ಲ. ಪಾಸ್ಸೌ ಊರಿನ ಮಾರ್ಟಿನ್ ಕ್ರೀಶ್‌ಬೌಮ್ ಇರಬಹುದು ಅಂತ ಕೆಲವರು ಹೇಳ್ತಾರೆ. ನಡುವಿನ ಮೂರ್ತಿಗಳೂ ರೆಕ್ಕೆಯ ಕೆತ್ತನೆಯೂ ಒಂದೇ ಕೈಯದಲ್ಲ ಅಂತಲೂ ಹೇಳ್ತಾರೆ. ಅದು ನಮ್ಮಂಥವರ ಕಣ್ಣಿಗೂ ತಿಳಿಯುತ್ತದೆ. ರೆಕ್ಕೆಯ ಮುಖಗಳು ಕತೆ ಹೇಳ್ತವೆ. ನಡುವಿನ ಆ ಮೂವರು ಸುಮ್ನೆ ಇದ್ದಾರೆ, ಇದ್ದಾರೆ ಅನ್ನೋದೇ ಸಾಕು ಅನ್ನುವ ಹಾಗೆ.

ಕ್ರಿಸ್ಟೋಫರನ ಕತೆಯನ್ನು ಅಮ್ಮನಿಗೆ ಹೇಳಿದೆ. ಹೊಳೆ ದಾಟಿಸುತ್ತಿದ್ದವನು, ಒಂದು ರಾತ್ರಿ ಒಂದು ಮಗುವನ್ನು ಹೊತ್ತುಕೊಂಡ, ನಡುನೀರಿಗೆ ಬರುವಷ್ಟರಲ್ಲಿ ಮಗು ತಡೆಯಲಾರದಷ್ಟು ಭಾರವಾಯಿತು. ಆ ಮಗು ಯೇಸು. ಅವನ ಚಿತ್ರ ನೋಡಿದ ದಿನ ಸಾವು ಹಠಾತ್ತಾಗಿ ಬರೋಲ್ಲ ಅಂತ ಆಗಿನವರು ನಂಬಿದ್ದರು. ಪ್ರಯಾಣಿಕರನ್ನು ಕಾಯುವವನೂ ಅವನೇ. ಅಮ್ಮ ಕೈ ಮುಗಿದಳು. ನಾನು ಹೇಳಿ ಮುಗಿಸುವ ಮೊದಲೇ ಮುಗಿದಿದ್ದಳು.

ಆಮೇಲೆ ಕೇಳಿದಳು.

"ಇದಕ್ಕೆ ಬಣ್ಣ ಯಾಕೆ ಇಲ್ವೇ?"

"ಮೊದ್ಲು ಇತ್ತಮ್ಮ. ಆಮೇಲೆ ತೆಗೆದ್ರು."

"ತೆಗೆದ್ರಾ? ಯಾರು?"

ಹೇಳಿದೆ. ಅಡಾಲ್ಬರ್ಟ್ ಶ್ಟಿಫ್ಟರ್ ಅಂತ ಒಬ್ಬ ದೊಡ್ಡ ಲೇಖಕ, ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ಈ ಸೀಮೆಯೆಲ್ಲ ಓಡಾಡುತ್ತಿದ್ದವನು. ಪೀಠದ ತುಂಬ ಹುಳು ಬಿದ್ದು, ಒಳಗೆ ಮರ ಪುಡಿಯಾಗಿ, ಇನ್ನೇನು ಹೋಗೇಬಿಡುತ್ತದೆ ಅನ್ನುವ ಸ್ಥಿತಿ. ಇದನ್ನು ಉಳಿಸಲೇಬೇಕು ಅಂತ ಅವನು ಬೆನ್ನು ಬಿದ್ದ. 1852ರಿಂದ 1855ರವರೆಗೆ ಲಿಂಟ್ಸ್‌ನ ಶಿಲ್ಪಿ ಯೋಹಾನ್ ರಿಂಟ್ ಮತ್ತು ಅವನ ಮಗ ಯೋಸೆಫ್ ಕೂತು ರಿಪೇರಿ ಮಾಡಿದರು. ಹೋದ ತುಂಡುಗಳನ್ನು ಹೊಸದಾಗಿ ಕೆತ್ತಿ ಸೇರಿಸಿದರು. ಅದೇ ಕೆಲಸದಲ್ಲಿ ಉಳಿದಿದ್ದ ಬಣ್ಣವನ್ನೂ ತೆಗೆದುಬಿಟ್ಟರು. ಶುದ್ಧ ಮರವೇ ಚೆಂದ ಅನ್ನೋದು ಆ ಕಾಲದ ರುಚಿ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕುಟ್ಟೆ ಹಿಡಿದಿದ್ದಕ್ಕೂ ಬಣ್ಣಕ್ಕೂ ಏನೇ ಸಂಬಂಧ?"

ಇದೇ ಆ ಪ್ರಶ್ನೆ. ಇವರು ಏನೋ ಹೇಳಹೊರಟರು, "ಅತ್ತೆ, ಆ ಬಣ್ಣ ಎಲ್ಲ ಹಾಳಾಗಿತ್ತಂತೆ, ಮೇಲೆ ಮೇಲೆ ಬೇರೆ ಬಳಿದಿದ್ರು..." ಅಂತ. ಅಮ್ಮ ತಲೆಯಾಡಿಸಿದಳು. ಒಪ್ಪಿದ್ದಲ್ಲ, ಕೇಳಿಸಿಕೊಂಡೆ ಅನ್ನೋದಕ್ಕೆ.

"ಹಾಳಾಗಿದ್ರೆ ಮತ್ತೆ ಬಳೀಬೇಕಿತ್ತು. ನಮ್ಮ ಕಡೆ ಗುಡಿಗಾರರು ಗಂಧದ ಮರಕ್ಕೆ ಬಣ್ಣ ಬಳಿಯಲ್ಲ ನಿಜ. ಅದು ಮನೇಲಿ ಇಡೋ ವಸ್ತು, ಪೆಟ್ಟಿಗೆ, ಆನೆ, ಅದು ಬೇರೆ. ಇದು ಜನ ಕೈ ಮುಗಿಯೋಕೆ ಇಟ್ಟಿದ್ದಲ್ವಾ? ಶಿರಸಿ ಮಾರಿಕಾಂಬೆನೂ ಮರದ್ದೇ. ಬಣ್ಣ ತೆಗೆದು ನಿಲ್ಲಿಸಿದ್ರೆ ನೀನು ಅಮ್ನೋರು ಅಂತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಇಲ್ಲಿಗೆ ಬಂದು ನೆಲೆಸಿದ ಮೇಲೆ ಈ ಚರ್ಚುಗಳ ಹುಚ್ಚು ಹಿಡಿದದ್ದೇ ಬರಿಮರದ ಆ ಜೇನುಬಣ್ಣ ನೋಡಿ. ಲಿಂಡೆನ್ ಮರ ಮೆದು, ಎಳೆ ಒಂದೇ ಸಮ. ಉಳಿ ಎತ್ತ ಬೇಕಾದರೂ ಹೋಗುತ್ತದೆ. ಅದಕ್ಕೇ ಆ ಕಾಲದ ಜರ್ಮನ್ ಸೀಮೆಯ ಶಿಲ್ಪಿಗಳಿಗೆ ಅದರ ಮೇಲೆ ಅಷ್ಟು ಪ್ರೀತಿ. ಮೂರ್ತಿಯ ಬೆನ್ನನ್ನು ಟೊಳ್ಳು ಮಾಡುತ್ತಿದ್ದರು, ಒಣಗುವಾಗ ಮರ ಸೀಳಬಾರದು ಅಂತ. ಆದರೆ ಬಹಳಷ್ಟು ಮೂರ್ತಿಗಳಿಗೆ ಕೆತ್ತನೆ ಅರ್ಧ ಕೆಲಸ ಮಾತ್ರ. ಅದರ ಮೇಲೆ ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿಯೋದು, ಉಜ್ಜಿ ನುಣುಪು ಮಾಡೋದು, ಚಿನ್ನದ ರೇಕು ಕೂರಿಸೋದು, ಕೆನ್ನೆಗೆ ಕೆಂಪು, ಕಣ್ಣಿಗೆ ಪಾಪೆ. ಅದನ್ನು ಮಾಡುವ ಬಣ್ಣಗಾರರೇ ಬೇರೆ ಇದ್ದರು. ಅಂದರೆ ಕೆಫರ್‌ಮಾರ್ಕ್ಟ್‌ನಲ್ಲಿ ಕೆರೆದು ಹಾಕಿದ್ದು ಬರೀ ಬಣ್ಣವಲ್ಲ. ಇನ್ನೊಬ್ಬ ಕೆಲಸಗಾರನ ಅಷ್ಟೂ ದುಡಿಮೆ. ಅವನ ಬಗ್ಗೆ ಮಾತಾಡುವವರೇ ಇಲ್ಲ. ಕೆತ್ತಿದವನ ಹೆಸರು ಹುಡುಕೋಕೆ ಇಷ್ಟು ಜನ ಇಷ್ಟು ವರ್ಷ ತಲೆ ಕೆಡಿಸಿಕೊಂಡರು. ಬಣ್ಣ ಹಚ್ಚಿದವನನ್ನು ಹುಡುಕೋಣ ಅಂದರೆ ಅವನ ಕೆಲಸವೇ ಉಳಿದಿಲ್ಲ.

ಎಲ್ಲರೂ ಬಣ್ಣ ಬಯಸಿದ್ದರು ಅಂತಲೂ ಅಲ್ಲ. ಅದೇ ವರ್ಷಗಳಲ್ಲಿ ಜರ್ಮನಿಯ ಫ್ರಾಂಕೋನಿಯಾದ ಮ್ಯೂನರ್‌ಸ್ಟಾಟ್ ಅನ್ನುವ ಊರಿನ ಚರ್ಚಿಗೆ ಟಿಲ್ಮನ್ ರೀಮೆನ್‌ಶ್ನೈಡರ್ ಒಂದು ಪೀಠ ಮಾಡಿದ. 1492ರಲ್ಲಿ ಅದನ್ನು ಬರಿಮರದಲ್ಲೇ ನಿಲ್ಲಿಸಿದ. ಊರು ಅದನ್ನು ಹಾಗೇ ಬಿಡಲಿಲ್ಲ. 1504ರಲ್ಲಿ ವೈಟ್ ಸ್ಟೋಸ್ ಅನ್ನುವ ಇನ್ನೊಬ್ಬ ಮಹಾಶಿಲ್ಪಿಯನ್ನು ಕರೆಸಿ ಬಣ್ಣ, ಚಿನ್ನ ಎಲ್ಲ ಹಾಕಿಸಿದರು. ಅಮ್ಮನಿಗೆ ಕಾರಿನಲ್ಲಿ ಇದನ್ನು ಹೇಳಿದಾಗ "ನೋಡು, ಊರೋರಿಗೆ ಗೊತ್ತು" ಅಂದಳು.

ಸಂತ ವುಲ್ಫ್‌ಗಾಂಗ್ ಅಂದಾಗ ನೆನಪಾಯಿತು. ಅವರ ಹೆಸರಿನ ಊರು, ಆ ಸರೋವರದ ದಂಡೆಯಲ್ಲಿದೆಯಲ್ಲ, ಅಲ್ಲಿಗೂ ಅಮ್ಮನನ್ನು ಕರೆದುಕೊಂಡು ಹೋಗಬೇಕಿತ್ತು. ಅಲ್ಲಿ ಮಿಖಾಯೆಲ್ ಪಾಖರ್ ಮಾಡಿದ ಪೀಠ ಇದೆ, 1481ರದು. ಬಣ್ಣವೂ ಚಿನ್ನವೂ ಹಾಗೇ ಇದೆ. ಬೆಳಕು ಬಿದ್ದರೆ ಕಣ್ಣು ಕೋರೈಸುತ್ತದೆ. ಮುಂದೆ ಬರೋಕ್ ಕಾಲದಲ್ಲಿ, ಅಂದರೆ 17ನೇ ಶತಮಾನದಲ್ಲಿ, ಇದನ್ನು ಕಿತ್ತು ಹೊಸದು ಇಡಬೇಕು ಅಂತ ಹೊರಟಾಗ, ಅದಕ್ಕೆ ಬಂದಿದ್ದ ಶಿಲ್ಪಿ ಥಾಮಸ್ ಶ್ವಾಂಥಾಲರ್, ಬೇಡ, ಇದನ್ನು ಮುಟ್ಟಬೇಡಿ ಅಂದನಂತೆ. ತನ್ನ ಪೀಠವನ್ನು ಬೇರೆ ಕಡೆ ನಿಲ್ಲಿಸಿದನಂತೆ. ಊರಲ್ಲಿ ಹಾಗೆ ಹೇಳ್ತಾರೆ. ಅವನ ಜೋಡಿಪೀಠ ಇವತ್ತಿಗೂ ಅದೇ ಚರ್ಚಿನಲ್ಲಿದೆ. ಪಾಖರನದೂ ಇದೆ. ಹಳೇದನ್ನು ಗೌರವಿಸೋದು ಹೀಗೆ ಅಲ್ವಾ, ಅಂತ ಬರೆಯಬೇಕು ಅನ್ನಿಸುತ್ತದೆ. ಬರೆದ ತಕ್ಷಣ ಶ್ಟಿಫ್ಟರನಿಗೆ ಅನ್ಯಾಯ ಮಾಡಿದೆ ಅಂತಲೂ ಅನ್ನಿಸುತ್ತದೆ. ಪಾಖರನ ಪೀಠದ ಕತೆ ಬೇರೆ. ಇಲ್ಲಿ ಶ್ಟಿಫ್ಟರ್ ಬರದೇ ಹೋಗಿದ್ದರೆ ಬಣ್ಣವೂ ಇಲ್ಲ, ಮರವೂ ಇಲ್ಲ. ನಾವು ಇವತ್ತು ಹೋಗಿ ನಿಲ್ಲೋಕೆ ಏನೂ ಇರುತ್ತಿರಲಿಲ್ಲ.

ಆದರೂ ಕೋಪ ಬರುತ್ತದೆ. ಉಳಿಸೋಕೆ ಬಂದವನು, ಅಷ್ಟು ಪ್ರೀತಿ ಇದ್ದವನು, ತನ್ನ ಕಣ್ಣಿಗೆ ಚೆಂದ ಕಾಣುವ ಹಾಗೆ ಉಳಿಸಿದ. ಪ್ರೀತಿ ಇಲ್ಲದವನಾಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಅಮ್ಮನ ಟಿಕೆಟ್ ಹತ್ತಿರ ಬರುತ್ತಿದೆ. ಸೂಟ್‌ಕೇಸ್ ಹೊರಗೆ ತೆಗೆದಿದ್ದಾಳೆ, ನಾನು ಅದನ್ನು ನೋಡದ ಹಾಗೆ ಆ ಕಡೆ ಈ ಕಡೆ ಓಡಾಡುತ್ತಿದ್ದೇನೆ. ವುಲ್ಫ್‌ಗಾಂಗರ ಹಬ್ಬ ಈ ತಿಂಗಳ 31ಕ್ಕೆ. ಅಷ್ಟು ಹೊತ್ತಿಗೆ ಅವಳು ನಮ್ಮೂರು ಸಾಗರದಲ್ಲಿ ಇರ್ತಾಳೆ. ಇವತ್ತು ಇನ್ನೊಂದು ವಿಷಯ ಗೊತ್ತಾಯಿತು. ಮೇಲಿನ ಗೋಪುರಗಳ ನಡುವೆ ಇರುವ ಸಣ್ಣ ಮೂರ್ತಿಗಳನ್ನು ತೋರಿಸಿದೆ. "ಹ್ಞೂಂ, ಚೆನ್ನಾಗಿದೆ" ಅಂದಳು. ಆಮೇಲೆ ಮೆಲ್ಲಗೆ, "ಅಷ್ಟು ಮೇಲಿಂದು ಮಂಜು ಮಂಜು ಕಾಣುತ್ತೆ ಕಣೇ." ಪೊರೆ ಬಂದಿದೆ ಅಂತ ಡಾಕ್ಟರು ಹೇಳಿ ವರ್ಷವಾಯಿತು. ಆಪರೇಷನ್ ಮಾಡಿಸ್ಕೋ ಅಂದರೆ ಅಡಿಕೆ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ, ನಿನ್ನ ಹತ್ತಿರ ಹೋಗಿ ಬರ್ತೀನಿ, ಹೀಗೇ. ಊರಿಗೆ ಹೋದ ತಕ್ಷಣ ಮಾಡಿಸ್ತೀನಿ ಅಂತ ಇವತ್ತು ಇವರ ಮುಂದೆ ಮಾತು ಕೊಟ್ಟಿದ್ದಾಳೆ. ನನಗೆ ಕೊಟ್ಟ ಮಾತಾಗಿದ್ದರೆ ನಂಬುತ್ತಿರಲಿಲ್ಲ. ಅಳಿಯಂದಿರಿಗೆ ಕೊಟ್ಟಿದ್ದಾಳೆ, ನೋಡೋಣ. ಅಣ್ಣನಿಗೆ ನಾಳೆ ಫೋನ್ ಮಾಡಿ ದಿನ ಗೊತ್ತು ಮಾಡಿಸಬೇಕು. ಅತ್ತಿಗೆಗೆ ಹೇಳೋದೇ ವಾಸಿ, ಅಣ್ಣ ಮರೆತುಬಿಡ್ತಾನೆ.

ರಾತ್ರಿ ಪಾತ್ರೆ ತೊಳೆಯುವಾಗ ಅಮ್ಮ ಮತ್ತೆ ಅದೇ ಮಾತು ತೆಗೆದಳು. ಅವಳಿಗೂ ಬಿಟ್ಟಿಲ್ಲ.

"ಆ ಹುಳ ಪೂರ್ತಿ ಹೋಯ್ತಾ?"

ಹೋಗಲಿಲ್ಲ ಅಂದೆ. 20ನೇ ಶತಮಾನದಲ್ಲಿ ಮತ್ತೆ ಬಂತು. 1929ರಲ್ಲಿ ವಿಷದ ಗಾಳಿ ಬಿಟ್ಟು ಕೊಲ್ಲಬೇಕಾಯಿತು. ಈ ಹುಳುಗಳ ಮರಿ ಮರದೊಳಗೇ ವರ್ಷಗಟ್ಟಲೆ ಕೊರೆಯುತ್ತಾ ಇರುತ್ತದೆ. ಹೊರಗೆ ಕಾಣುವ ಸಣ್ಣ ತೂತು ಅದು ಬೆಳೆದು ಹೊರಬಿದ್ದ ಮೇಲಿನದು. ನಮಗೆ ತೂತು ಕಾಣುವಷ್ಟರಲ್ಲಿ ಒಳಗೆ ತಿಂದಾಗಿರುತ್ತದೆ.

"ಅಂದ್ರೆ ಯಾರಾದ್ರೂ ಯಾವಾಗ್ಲೂ ನೋಡ್ತಾನೇ ಇರ್ಬೇಕು."

"ಹೌದಮ್ಮ."

"ಹಾಗಾದ್ರೆ ಆ ಬಣ್ಣ ತೆಗೆದೋನನ್ನ ಜಾಸ್ತಿ ಬೈಬೇಡ. ಅವನು ನೋಡಿದ್ದಕ್ಕೆ ತಾನೇ ಆಯ್ತು." ಸ್ವಲ್ಪ ತಡೆದು, "ಆದ್ರೂ ಬಣ್ಣ ತೆಗೀಬಾರ್ದಿತ್ತು" ಅಂದಳು.

ಅಪ್ಪ ಮಗ ರಿಂಟರ ಬಗ್ಗೆ ಯೋಚಿಸುತ್ತಿದ್ದೇನೆ. ಲೇಖಕನ ಹೆಸರು ಉಳಿಯಿತು, ಪೀಠದ ಹತ್ತಿರ ದಿನಗಟ್ಟಲೆ ಕೂತವರು ಅವರಿಬ್ಬರು. ಅವರೂ ಕೆತ್ತುವವರೇ ಅಲ್ವಾ. ಕ್ರಿಸ್ಟೋಫರನ ಮುಖದಿಂದ ಬಣ್ಣ ಎಬ್ಬಿಸುವಾಗ ಕೆಳಗೆ ಹಳೇ ಉಳಿಯ ಗುರುತು ಕಂಡಿರಬೇಕು. ಸುಮಾರು ಮುನ್ನೂರೈವತ್ತು ವರ್ಷ ಯಾರೂ ನೋಡದ ಗುರುತು. ಕೆತ್ತುವವನಿಗೆ ಅದು ಎಂಥ ಸಂತೋಷ ಕೊಟ್ಟಿರಬಹುದು. ಆ ಸಂತೋಷಕ್ಕೇ ಅವರು ಇನ್ನಷ್ಟು, ಇನ್ನಷ್ಟು ಅಂತ ತೆಗೆಯುತ್ತಾ ಹೋದರೋ, ಅಥವಾ ಎಲ್ಲೋ ಒಂದು ಕಡೆ, ಕೆನ್ನೆಯಲ್ಲೋ ಅಂಗಿಯ ಮಡಿಕೆಯಲ್ಲೋ, ಚೆನ್ನಾಗಿ ಉಳಿದಿದ್ದ ಕೆಂಪು ಸಿಕ್ಕಾಗ ಅಪ್ಪ ಒಂದು ಗಳಿಗೆ ಕೈ ನಿಲ್ಲಿಸಿ ಮಗನ ಕಡೆ ನೋಡಿದನೋ, ಯಾರಿಗೆ ಗೊತ್ತು.